ನಮ್ಮ ನೃತ್ಯಶಾಲೆಯ ಗುರುಗಳು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನಮ್ಮ ನೃತ್ಯಶಾಲೆಗೆ ಮಕ್ಕಳನ್ನು ಸೇರಿಸಲು ಬರುವವರು ಮೊದಲು ಶುಲ್ಕ ಕೇಳುತ್ತಾರೆ, ಆಮೇಲೆ ಸಮಯ ಕೇಳುತ್ತಾರೆ. ಕಲಿಸುವವರು ಎಲ್ಲಿ ಕಲಿತವರು, ಏನು ಓದಿದ್ದಾರೆ, ಇದನ್ನೇ ನಂಬಿ ಬದುಕುತ್ತಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಮಾತ್ರ ಕೇಳಲೋ ಬೇಡವೋ ಎಂದು ಅನುಮಾನಿಸುತ್ತಾರೆ. ಸಂಕೋಚ ಬೇಡ. ಮಗುವಿನ ಮೈ, ಮನಸ್ಸು ಎರಡನ್ನೂ ವರ್ಷಗಟ್ಟಲೆ ಒಬ್ಬರ ಕೈಗೆ ಒಪ್ಪಿಸುವ ತಂದೆ ತಾಯಿ ಇದನ್ನು ಕೇಳಲೇಬೇಕು. ಪ್ರವೇಶದ ಕೆಲಸ ನೋಡಿಕೊಳ್ಳುವ ನಾನು ಎಲ್ಲರಿಗೂ ಹೇಳುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಶಿಕ್ಷಕರ ಹೆಸರು, ಭಾವಚಿತ್ರ, ಪ್ರಮಾಣಪತ್ರಗಳ ಪ್ರತಿ ಶಾಲೆಯ ಸೂಚನಾ ಫಲಕದಲ್ಲಿವೆ. ಅವರು ನಡೆದು ಬಂದ ದಾರಿಯನ್ನಷ್ಟೇ ಇಲ್ಲಿ, ಅವರ ಒಪ್ಪಿಗೆ ಪಡೆದು, ಹೇಳಿದ್ದೇನೆ.

ಶಾಲೆಯಲ್ಲಿ ಯಾರು ಯಾರು ಕಲಿಸುತ್ತಾರೆ?

ಐದು ಜನ. ಭರತನಾಟ್ಯಕ್ಕೆ ಮಕ್ಕಳೆಲ್ಲ ‘ದೊಡ್ಡ ಮೇಡಂ’ ಎಂದು ಕರೆಯುವ ಹಿರಿಯ ಗುರುಗಳು ಮತ್ತು ಅವರ ಶಿಷ್ಯೆಯೇ ಆಗಿದ್ದ ಕಿರಿಯ ಶಿಕ್ಷಕಿ. ಕಥಕ್ ಕಲಿಸಲು ಭಾನುವಾರ ಬೆಂಗಳೂರಿನಿಂದ ಬರುವ ಒಬ್ಬರು. ವೀರಗಾಸೆ, ಪಟ ಕುಣಿತ, ಮೂಡಲಪಾಯ ಯಕ್ಷಗಾನದ ಹೆಜ್ಜೆಗಳಿಗೆ ತಿಪಟೂರು ತಾಲ್ಲೂಕಿನ ಮೇಷ್ಟ್ರು. ಸಿನಿಮಾ ಹಾಡುಗಳ ಕುಣಿತ ಮತ್ತು ಪಾಶ್ಚಾತ್ಯ ನೃತ್ಯಕ್ಕೆ ಕ್ಯಾತ್ಸಂದ್ರದ ಮಾಸ್ಟರ್.

ದೊಡ್ಡ ಮೇಡಂ ಎಲ್ಲಿ ಕಲಿತವರು?

ಅವರು ಹುಟ್ಟಿ ಬೆಳೆದದ್ದು ತುಮಕೂರಿನಲ್ಲಿ. ತಂದೆ ಶಾಲಾ ಮೇಷ್ಟ್ರಾಗಿದ್ದರು. ಆ ಕಾಲದಲ್ಲಿ ಭರತನಾಟ್ಯವನ್ನು ಮೇಲಿನ ಹಂತದವರೆಗೆ ಕಲಿಯಬೇಕೆಂದರೆ ಇಲ್ಲಿನ ಮಕ್ಕಳಿಗೆ ಬೆಂಗಳೂರೇ ಗತಿ. ಎಪ್ಪತ್ತು ಕಿಲೋಮೀಟರ್ ದೂರ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ತಾಯಿಯ ಜೊತೆ ಪ್ಯಾಸೆಂಜರ್ ರೈಲು ಹತ್ತಿ ಮಲ್ಲೇಶ್ವರದಲ್ಲಿ ಇಳಿದು, ಸಂಜೆಯ ಪಾಠ ಮುಗಿಸಿ, ರಾತ್ರಿ ಬಂಧುಗಳ ಮನೆಯಲ್ಲಿ ಉಳಿದು, ಭಾನುವಾರ ಬೆಳಗಿನ ಪಾಠ ಕಲಿತು ಊರಿಗೆ ಮರಳುತ್ತಿದ್ದರು. ಪಾಠದ ಸೊಲ್ಲುಕಟ್ಟುಗಳನ್ನು (ಹೆಜ್ಜೆಗೆ ತಕ್ಕಂತೆ ಬಾಯಲ್ಲಿ ಹೇಳುವ ತಾಳದ ಅಕ್ಷರಗಳು) ರೈಲಿನಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಆ ನೋಟ್‌ಬುಕ್‌ಗಳು ಈಗಲೂ ಶಾಲೆಯ ಬೀರುವಿನಲ್ಲಿವೆ, ವಿದ್ವತ್ ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳು ಅವನ್ನು ತೆಗೆದು ನೋಡುತ್ತಾರೆ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿ, ರಂಗಪ್ರವೇಶ (ವೇದಿಕೆಯ ಮೇಲೆ ಮೊದಲ ಪೂರ್ಣ ಪ್ರದರ್ಶನ) ಮಾಡಿದ ಮೇಲೆ ಅವರ ಗುರುಗಳು ಹೇಳಿದ್ದು ಒಂದೇ ಮಾತು: ಇನ್ನು ನಟುವಾಂಗ ಕಲಿ. ರಂಗದ ಮೇಲೆ ಕುಣಿಯುವುದಕ್ಕೂ ರಂಗದ ಪಕ್ಕದಲ್ಲಿ ಕುಳಿತು ತಾಳ ಹಿಡಿದು ಇನ್ನೊಬ್ಬರನ್ನು ಕುಣಿಸುವುದಕ್ಕೂ ಬಹಳ ಅಂತರವಿದೆ. ತಾಳವನ್ನು ಬಿಡದೆ ಜತಿಗಳನ್ನು ಬಾಯಲ್ಲಿ ಹೇಳುತ್ತ, ಕಣ್ಣನ್ನು ನರ್ತಕಿಯ ಪಾದದ ಮೇಲಿಟ್ಟು, ಗಾಯಕರಿಗೂ ಮೃದಂಗದವರಿಗೂ ಸನ್ನೆ ಕೊಡಬೇಕು. ಇದನ್ನು ಕಲಿಯದೆ ನೇರವಾಗಿ ಶಾಲೆ ತೆರೆಯುವವರು ಈಗ ಹಲವರಿದ್ದಾರೆ, ಧ್ವನಿಮುದ್ರಿತ ಸಂಗೀತ ಹಾಕಿದರೆ ಕೆಲಸ ನಡೆದುಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಭರತನಾಟ್ಯದ ಶಿಕ್ಷಕರನ್ನು ಅಳೆಯಲು ನಟುವಾಂಗಕ್ಕಿಂತ ನಿಖರವಾದ ಕೋಲು ಇನ್ನೊಂದಿಲ್ಲ. ತಾಳ ತಟ್ಟುವ ಮರದ ತಟ್ಟುಮಣೆಯ ಮುಂದೆ ಕುಳಿತು, ಯಾವ ಮುದ್ರಿತ ಸಂಗೀತದ ನೆರವೂ ಇಲ್ಲದೆ, ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಅಡವು, ಅಂದರೆ ಮೂಲ ಹೆಜ್ಜೆಗಳನ್ನು, ಮಾಡಿಸಬಲ್ಲವರು ಮಗುವಿನ ಲಯವನ್ನು ತಿದ್ದಬಲ್ಲರು.

ನೀವು ಕಲಿಸುವುದು ಮೈಸೂರು ಶೈಲಿಯೇ, ಪಂದನಲ್ಲೂರು ಶೈಲಿಯೇ?

ಅಡವುಗಳು ತಮಿಳುನಾಡಿನ ಪಂದನಲ್ಲೂರಿನ ಕ್ರಮದವು, ಅಭಿನಯದಲ್ಲಿ ಮೈಸೂರಿನ ದಾರಿ. ಇದು ಕರ್ನಾಟಕದಲ್ಲಿ ಅಪರೂಪವೇನಲ್ಲ, ಅದಕ್ಕೆ ಇತಿಹಾಸವೇ ಕಾರಣ.

ಭರತನಾಟ್ಯದ ಕಛೇರಿ ಕ್ರಮವನ್ನು ರೂಪಿಸಿದ ತಂಜಾವೂರಿನ ನಾಲ್ವರು ಸಹೋದರರಲ್ಲಿ ಚಿನ್ನಯ್ಯ ಎಂಬುವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಮೈಸೂರಿನ ಅರಮನೆಯಲ್ಲಿ ಬೆಳೆದ ಪರಂಪರೆಯಲ್ಲಿ ಜಟ್ಟಿ ತಾಯಮ್ಮನವರು (1857–1947) ಅಭಿನಯಕ್ಕೆ ಹೆಸರಾದರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು (1906–2002) ಲಂಬಾಣಿ ತಾಂಡಾದಲ್ಲಿ ಹುಟ್ಟಿ ಅರಮನೆಯ ಆಸ್ಥಾನ ವಿದುಷಿಯಾದವರು. ಮೈಸೂರು ವಿಶ್ವವಿದ್ಯಾನಿಲಯ 1965ರಲ್ಲಿ ನೃತ್ಯ ಕಲಿಸಲು ಆರಂಭಿಸಿದಾಗ ಪಾಠ ಹೇಳಲು ಕರೆದದ್ದು ಅವರನ್ನು. 1992ರಲ್ಲಿ ಪದ್ಮಭೂಷಣ ಬಂತು. ನೃತ್ಯದಲ್ಲಿ ಪದವಿ ಎಂಬುದೇ ಇರದ ಕಾಲದ ಗುರುವಿನ ಕೈಯಲ್ಲಿ ಪದವಿಯ ಪಾಠಗಳು ಶುರುವಾದವು ಎಂಬುದನ್ನು ಶಿಕ್ಷಕರ ಅರ್ಹತೆಯ ಬಗ್ಗೆ ಮಾತು ಬಂದಾಗಲೆಲ್ಲ ನಾವು ನೆನೆಯುತ್ತೇವೆ.

ಇನ್ನೊಂದು ಕಡೆ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿ ಬೆಂಗಳೂರಿನಲ್ಲಿ ನೂರಾರು ಜನರಿಗೆ ಕಲಿಸಿದರು. ಬೆಂಗಳೂರಿಗೆ ಹೋಗಿ ಕಲಿತ ನಮ್ಮ ಜಿಲ್ಲೆಯ ಶಿಕ್ಷಕರಲ್ಲಿ ಈ ಎರಡೂ ಧಾರೆಗಳು ಬೆರೆತಿರುವುದು ಸಹಜ. ‘ಶುದ್ಧ’ ಮೈಸೂರು ಶೈಲಿ ಎಂದು ಹೇಳಿಕೊಂಡು ಮಕ್ಕಳನ್ನು ಸೆಳೆಯಲು ನಮಗೆ ಇಷ್ಟವಿಲ್ಲ. ಜಾವಳಿ, ಅಷ್ಟಪದಿಗಳಂಥ ಶೃಂಗಾರದ ಹಾಡುಗಳನ್ನು ದೊಡ್ಡ ಮೇಡಂ ಹೇಗೆ ಕಲಿಸುತ್ತಾರೆ ಎಂದು ಒಮ್ಮೆ ಕುಳಿತು ನೋಡಿ. ಒಂದೇ ಸಾಲನ್ನು ಬೇರೆ ಬೇರೆ ಭಾವದಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ. ಆ ಪದ್ಧತಿ ಮೈಸೂರಿನದು.

ಹೆಸರಿನ ಮುಂದೆ ‘ವಿದುಷಿ’, ‘ವಿದ್ವಾನ್’ ಎಂದು ಯಾರು ಬೇಕಾದರೂ ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಾರದು. ರಾಜ್ಯ ಮಟ್ಟದ ಪರೀಕ್ಷೆಗಳಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂಬ ನಾಲ್ಕು ಹಂತಗಳಿವೆ. ಕೊನೆಯದನ್ನು ದಾಟಿದವರಿಗೆ ಆ ಗೌರವ ಸಲ್ಲುತ್ತದೆ. ಮೊದಲು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಈ ಪರೀಕ್ಷೆಗಳನ್ನು ನಡೆಸುತ್ತಿತ್ತು. ಈಗ ಆ ಹೊಣೆ ಮೈಸೂರಿನಲ್ಲಿರುವ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದ್ದು. ಆದ್ದರಿಂದ ಹಿರಿಯ ಶಿಕ್ಷಕರ ಪ್ರಮಾಣಪತ್ರದಲ್ಲಿ ಮಂಡಳಿಯ ಮುದ್ರೆ, ಕಿರಿಯರದರಲ್ಲಿ ವಿಶ್ವವಿದ್ಯಾಲಯದ ಮುದ್ರೆ ಇದ್ದರೆ ಗೊಂದಲಪಡಬೇಡಿ, ಎರಡೂ ಸರಿಯೇ.

ಕಥಕ್ ಕಲಿತವರಲ್ಲಿ ಅನೇಕರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಬರೆದಿರುತ್ತಾರೆ. ಅಲ್ಲಿನ ಹಂತಗಳ ಹೆಸರು ಬೇರೆ: ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ. ‘ವಿಶಾರದ’ ಎಂದು ಕಂಡರೆ ಅದು ಆ ಕಡೆಯ ಪರೀಕ್ಷೆ ಎಂದು ತಿಳಿಯಿರಿ.

ಬಿ.ಪಿ.ಎ., ಎಂ.ಪಿ.ಎ. (ಪ್ರದರ್ಶಕ ಕಲೆಗಳ) ಪದವಿ ಇಲ್ಲದವರು ಕಲಿಸಬಹುದೇ?

ಖಾಸಗಿ ನೃತ್ಯಶಾಲೆಯಲ್ಲಿ ಕಲಿಸಲು ಪದವಿ ಕಡ್ಡಾಯವಲ್ಲ. ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಾಗಬೇಕಾದರೆ ಸ್ನಾತಕೋತ್ತರ ಪದವಿ, ಅರ್ಹತಾ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುತ್ತದೆ. ನಮ್ಮ ಕಿರಿಯ ಶಿಕ್ಷಕಿಗೆ ವಿದ್ವತ್ ಅಂತಿಮವೂ ಆಗಿದೆ, ನೃತ್ಯದಲ್ಲಿ ಸ್ನಾತಕೋತ್ತರ ಪದವಿಯೂ ಇದೆ. ದೊಡ್ಡ ಮೇಡಂ ಅವರ ಪದವಿ ವಾಣಿಜ್ಯ ಶಾಸ್ತ್ರದಲ್ಲಿ. ಪದವಿ ತರಗತಿಗಳಿಂದ ಕಿರಿಯರಿಗೆ ಸಿಕ್ಕಿದ್ದು ನಾಟ್ಯಶಾಸ್ತ್ರ, ಅಭಿನಯದರ್ಪಣಗಳನ್ನು ಸಾಲು ಸಾಲಾಗಿ ಓದಿದ ಅನುಭವ ಮತ್ತು ದೇಹರಚನೆಯ ತಿಳಿವಳಿಕೆ. ಮಂಡಿ ನೋವು ಎಂದು ಮಗು ಹೇಳಿದಾಗ ಯಾವ ಸ್ನಾಯು ದುರ್ಬಲವಾಗಿದೆ ಎಂದು ಅವರು ಗುರುತಿಸುತ್ತಾರೆ. ಈ ವಿಷಯದಲ್ಲಿ ಗುರುವೇ ಶಿಷ್ಯೆಯನ್ನು ಕರೆದು ಕೇಳುವುದನ್ನು ನಾನು ಕಂಡಿದ್ದೇನೆ, ಇಬ್ಬರ ಮೇಲೂ ಗೌರವ ಹೆಚ್ಚುವ ನೋಟ ಅದು.

ಇಷ್ಟು ಓದಿದವರು ಬೆಂಗಳೂರು ಬಿಟ್ಟು ತುಮಕೂರಿಗೆ ಏಕೆ ಬಂದರು?

ಕಿರಿಯ ಶಿಕ್ಷಕಿಯನ್ನು ಕುರಿತು ಈ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಅಲ್ಲಿ ನೆಲೆ ಸಿಗಲಿಲ್ಲವೇ ಎಂಬ ಅನುಮಾನ ಅದರೊಳಗಿರುತ್ತದೆ. ಅವರು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ನೃತ್ಯ ಶಿಕ್ಷಕಿಯಾಗಿದ್ದರು, ಸಂಬಳವೂ ಚೆನ್ನಾಗಿತ್ತು. ಆದರೆ ಅಲ್ಲಿ ವರ್ಷವಿಡೀ ವಾರ್ಷಿಕೋತ್ಸವದ್ದೇ ತಯಾರಿ. ನೂರು ಮಕ್ಕಳನ್ನು ವೇದಿಕೆಯ ಮೇಲೆ ನಿಲ್ಲಿಸಿ ಮೂರು ನಿಮಿಷದ ಹಾಡಿಗೆ ಕೈಕಾಲು ಆಡಿಸುವುದೇ ಕೆಲಸ. ಒಂದು ಮಗುವನ್ನು ಮೊದಲ ಪಾಠವಾದ ತಟ್ಟಡವಿನಿಂದ ದೊಡ್ಡ ರಚನೆಯಾದ ವರ್ಣದವರೆಗೆ ಕೈಹಿಡಿದು ನಡೆಸುವ ಅವಕಾಶ ಇರಲಿಲ್ಲ. ಅದಕ್ಕಾಗಿ ಅವರು ಊರಿಗೆ ಮರಳಿದರು.

ನಮ್ಮ ಜಿಲ್ಲೆಗೆ ಇಂಥವರು ಬೇಕು. ಬೆಂಗಳೂರು ಇಷ್ಟು ಹತ್ತಿರವಿರುವುದರಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಚೆನ್ನಾಗಿ ಕಲಿತವರೆಲ್ಲ ಆ ಕಡೆಗೆ ಸರಿದುಬಿಡುತ್ತಾರೆ. ಇಲ್ಲಿನ ಮಕ್ಕಳಿಗೆ ಉಳಿಯುವುದು ರೈಲು, ಬಸ್ಸುಗಳ ಪ್ರಯಾಣ ಅಥವಾ ಅರೆಬರೆ ಕಲಿಕೆ. ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ನಮ್ಮ ಊರಿನಲ್ಲಿದೆ. 1884ರಲ್ಲಿ ಗುಬ್ಬಿಯಂಥ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿ ನಾಡಿನಾದ್ಯಂತ ಹೆಸರು ಮಾಡಿತು. ಕಲೆ ರಾಜಧಾನಿಯಲ್ಲೇ ಬೆಳೆಯಬೇಕೆಂಬ ನಿಯಮ ಈ ಜಿಲ್ಲೆಗೆ ಎಂದೂ ಅನ್ವಯಿಸಿಲ್ಲ.

ಜಾನಪದ ಕಲಿಸುವ ಮೇಷ್ಟ್ರಿಗೆ ಯಾವ ಪ್ರಮಾಣಪತ್ರವೂ ಇಲ್ಲವಂತೆ, ನಿಜವೇ?

ನಿಜ. ಅವರ ತಂದೆ ಮೂಡಲಪಾಯ ಯಕ್ಷಗಾನದ ಭಾಗವತರಾಗಿದ್ದರು. ತಿಪಟೂರು, ತುರುವೇಕೆರೆ ಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುವ ಪ್ರಸಂಗಗಳಿಗೆ ಮಗನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ನಿದ್ದೆಗಣ್ಣಿನ ಹುಡುಗನ ಕಿವಿಗೆ ಮುಖವೀಣೆಯ ನಾದ, ಮದ್ದಳೆಯ ಪೆಟ್ಟು ಬೀಳುತ್ತಲೇ ಇರುತ್ತಿದ್ದವು. ಬಾಲ್ಯದಲ್ಲೇ ಬಾಲಗೋಪಾಲರ ವೇಷ ಕಟ್ಟಿ, ದೊಡ್ಡವರಾದ ಮೇಲೆ ರಾಜವೇಷಕ್ಕೆ ಏರಿದರು. ಭಾರವಾದ ಕಿರೀಟ, ಭುಜಕೀರ್ತಿ, ಎದೆಹಾರ ಹೊತ್ತುಕೊಂಡು ಬೆಳಗಿನವರೆಗೆ ಕುಣಿಯಬೇಕಾದರೆ ಉಸಿರು ಎಲ್ಲಿ ಉಳಿಸಬೇಕು, ಹೆಜ್ಜೆಯ ಭಾರ ಎಲ್ಲಿ ಇಳಿಸಬೇಕು ಎಂಬುದು ಅವರಿಗೆ ಮೈಗೂಡಿದ ವಿದ್ಯೆ. ಈಗಲೂ ಅವರ ಮುಖ್ಯ ಆದಾಯ ತೆಂಗಿನ ತೋಟದಿಂದ. ಕೊಬ್ಬರಿಗೆ ಬೆಲೆ ಬಿದ್ದ ವರ್ಷ ನಮ್ಮ ಶಾಲೆಯ ಗೌರವಧನ ಮನೆಗೆ ಆಸರೆಯಾಗುತ್ತದೆ ಎಂದು ಅವರೇ ಹೇಳುತ್ತಾರೆ.

ಇವರಿಗೆ ಪ್ರಮಾಣಪತ್ರ ಕೊಡುವ ಪರೀಕ್ಷೆ ಇವರ ಕಾಲದಲ್ಲಿ ಇರಲಿಲ್ಲ. ಜನಪದ ಕಲೆಗಳಿಗಾಗಿಯೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯ ಆರಂಭವಾದದ್ದು ಈಚೆಗೆ, 2011ರ ಸುಮಾರಿಗೆ. ಕಾಗದ ತೋರಿಸಿ ಎಂದು ಇಂಥವರನ್ನು ಕೇಳುವುದು ನಮ್ಮ ಜಿಲ್ಲೆಗೆ ಶೋಭೆ ತರುವುದಿಲ್ಲ. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆ ವಾದನಕ್ಕೆ. ಯಾವ ತರಗತಿಯ ಪರೀಕ್ಷೆಯೂ ಅವರ ಕೈಯ ಪೆಟ್ಟನ್ನು ಅಳೆದಿರಲಿಲ್ಲ.

ಮೇಷ್ಟ್ರು ಮಕ್ಕಳಿಗೆ ಕುಣಿತದ ಜೊತೆಗೆ ಅದರ ನಡವಳಿಕೆಯನ್ನೂ ಹೇಳುತ್ತಾರೆ. ವೀರಗಾಸೆಯನ್ನು ಮೂರು ನಿಮಿಷದ ಸ್ಪರ್ಧೆಗಾಗಿ ಕತ್ತರಿಸಿ ಹೊಲಿಯಲು ಅವರು ಒಪ್ಪುವುದಿಲ್ಲ. ಒಡಪು (ವೀರಭದ್ರನನ್ನು ಹೊಗಳುವ ಮಾತುಗಳು) ಹೇಳದೆ ವೀರಗಾಸೆ ಇಲ್ಲ ಎನ್ನುತ್ತಾರೆ. ಪ್ರತಿಭಾ ಕಾರಂಜಿಯ ಸಮಯದಲ್ಲಿ ಕೆಲವು ಪೋಷಕರಿಗೆ ಇದರಿಂದ ಬೇಸರವಾಗುತ್ತದೆ. ಶಾಲೆ ಈ ವಿಷಯದಲ್ಲಿ ಮೇಷ್ಟ್ರ ಪರವಾಗಿ ನಿಲ್ಲುತ್ತದೆ.

ಕಥಕ್ ಶಿಕ್ಷಕಿಯ ಹಿನ್ನೆಲೆ ಏನು?

ಬೆಂಗಳೂರಿನಲ್ಲಿ ಕಲಿತವರು. ಶಂಭು ಮಹಾರಾಜರ ಶಿಷ್ಯೆಯಾಗಿದ್ದ ಮಾಯಾರಾವ್ ಅವರು ಬೆಂಗಳೂರಿನಲ್ಲಿ ನೆಲೆಸಿ ಕಥಕ್ ಮತ್ತು ನೃತ್ಯ ಸಂಯೋಜನೆಯ ಸಂಸ್ಥೆ ಕಟ್ಟಿದ ಮೇಲೆ ಕರ್ನಾಟಕದಲ್ಲಿ ಆ ಕಲೆಗೆ ಗಟ್ಟಿ ನೆಲ ಸಿಕ್ಕಿತು. ನಮ್ಮ ಶಿಕ್ಷಕಿ ಅದರ ನಂತರದ ತಲೆಮಾರಿನವರು, ವಿಶಾರದ ಮುಗಿಸಿದ್ದಾರೆ. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಉದ್ಯೋಗ. ತತ್ಕಾರವನ್ನು, ಅಂದರೆ ಪಾದದ ಮೂಲ ಹೆಜ್ಜೆಗಳನ್ನು, ಅವಸರವಿಲ್ಲದೆ ಕಲಿಸುತ್ತಾರೆ, ಗಿರಗಿರನೆ ತಿರುಗುವ ಚಕ್ಕರ್‌ಗಳನ್ನು ಬೇಗ ಕಲಿಸಿ ಎಂದು ಒತ್ತಾಯಿಸಬೇಡಿ.

ಸಿನಿಮಾ ನೃತ್ಯದ ಮಾಸ್ಟರ್ ಯಾರಲ್ಲಿ ಕಲಿತರು?

ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ಕುಣಿಯುತ್ತ ಕಲಿತವರು. ಪಿಯುಸಿ ಮುಗಿಸಿ ಬೆಂಗಳೂರಿನಲ್ಲಿ ಒಬ್ಬ ನೃತ್ಯ ನಿರ್ದೇಶಕರ ತಂಡಕ್ಕೆ ಸೇರಿ, ಹಾಡುಗಳ ಚಿತ್ರೀಕರಣದಲ್ಲಿ ನಾಯಕ ನಾಯಕಿಯರ ಹಿಂದೆ ಸಾಲಿನಲ್ಲಿ ಕುಣಿದರು. ಆ ಕೆಲಸದ ಶಿಸ್ತನ್ನು ಹೊರಗಿನವರು ತಿಳಿಯರು. ಬೆಳಗಿನ ಜಾವ ಮೇಕಪ್‌ಗೆ ಕುಳಿತರೆ ಬಿಸಿಲಿನಲ್ಲಿ ಸಂಜೆಯವರೆಗೆ ಒಂದೇ ಸಾಲನ್ನು ಹತ್ತಾರು ಸಲ, ಎಡಬಲದವರ ಕೈ ಎತ್ತರಕ್ಕೆ ತನ್ನ ಕೈ ಸರಿಯಾಗಿ ಹೊಂದುವಂತೆ ಕುಣಿಯಬೇಕು. ಹೊಸ ಹೆಜ್ಜೆಯನ್ನು ನಿಮಿಷಗಳಲ್ಲಿ ಗ್ರಹಿಸುವ ಅವರ ಶಕ್ತಿ ಅಲ್ಲಿಂದ ಬಂದದ್ದು. ದೊಡ್ಡ ಮೇಡಂ ಈ ಮಾಸ್ಟರನ್ನು ಶಾಲೆಗೆ ಕರೆತಂದಾಗ ಕೆಲವರು ಹುಬ್ಬೇರಿಸಿದರು. ಭರತನಾಟ್ಯದ ಮಕ್ಕಳೂ ವಾರಕ್ಕೊಮ್ಮೆ ಅವರ ತರಗತಿಯಲ್ಲಿ ಮೈ ಸಡಿಲಿಸುವ ಅಭ್ಯಾಸ ಮಾಡುತ್ತಾರೆ, ಅದರಿಂದ ಬೆನ್ನು ಮತ್ತು ಸೊಂಟದ ಬಿಗಿತ ಎಷ್ಟೋ ಕಡಿಮೆಯಾಗಿದೆ.

ಒಂದು ಷರತ್ತು ಅವರದೇ: ಚಿಕ್ಕ ಮಕ್ಕಳಿಗೆ ಅವರ ವಯಸ್ಸಿಗೆ ಒಪ್ಪದ ಸಾಹಿತ್ಯವಿರುವ ಹಾಡನ್ನು ಕಲಿಸುವುದಿಲ್ಲ. ಮದುವೆ ಮನೆಯವರು ಎಷ್ಟು ಹಣ ಕೊಡುತ್ತೇನೆ ಎಂದರೂ ಇದರಲ್ಲಿ ಅವರು ಸಡಿಲವಾಗಿಲ್ಲ.

ಶಿಕ್ಷಕರಿಗೆ ಎಷ್ಟು ಪ್ರಶಸ್ತಿಗಳು ಬಂದಿವೆ?

ಗೋಡೆಯ ಮೇಲೆ ಫಲಕಗಳು ಕಡಿಮೆ ಇವೆ ಎಂದು ಕೆಲವರು ಹೇಳುತ್ತಾರೆ. ಮೊಬೈಲಿಗೆ ಬರುವ ಆಹ್ವಾನಗಳನ್ನು ನೀವೂ ನೋಡಿರುತ್ತೀರಿ: ಪ್ರವೇಶ ಶುಲ್ಕ ಕಟ್ಟಿ, ಸ್ವಂತ ಖರ್ಚಿನಲ್ಲಿ ದೂರದ ಊರಿಗೆ ಬನ್ನಿ, ಭಾಗವಹಿಸಿದ ಪ್ರತಿಯೊಬ್ಬರಿಗೂ ‘ನಾಟ್ಯ’ದಿಂದ ಶುರುವಾಗುವ ಒಂದು ಬಿರುದು, ಕರೆತಂದ ಶಿಕ್ಷಕರಿಗೆ ‘ಗುರು’ ಬಿರುದು. ಸಾವಿರಾರು ಜನ ಒಟ್ಟಿಗೆ ಕುಣಿದು ದಾಖಲೆ ಮಾಡುವ ಕಾರ್ಯಕ್ರಮಗಳೂ ಇವೆ, ಅಲ್ಲಿಯೂ ಪ್ರಮಾಣಪತ್ರಕ್ಕೆ ಹಣ. ನಮ್ಮ ಶಿಕ್ಷಕರು ಇವುಗಳಿಂದ ದೂರ. ಬಡ ಮನೆಯ ಮಗುವಿನಿಂದ ಹಣ ಕಟ್ಟಿಸಿ ಶಿಕ್ಷಕರ ಹೆಸರಿಗೆ ಬಿರುದು ಸೇರಿಸುವುದು ಅನ್ಯಾಯ, ಅದನ್ನು ಇನ್ನೂ ಮೆದುವಾಗಿ ಹೇಳಲು ನನಗೆ ಬಾರದು.

ತೂಕವಿರುವ ಗೌರವಗಳು ಯಾವುವು ಎಂದು ಕೇಳಿದರೆ, ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಕೊಡುವ ‘ಕರ್ನಾಟಕ ಕಲಾಶ್ರೀ’, ಸರ್ಕಾರ ನೃತ್ಯ ಕ್ಷೇತ್ರಕ್ಕೆ ಕೊಡುವ ಶಾಂತಲಾ ನಾಟ್ಯ ಪ್ರಶಸ್ತಿ, ಇವು ದೀರ್ಘಕಾಲದ ಸಾಧನೆಗೆ ಸಲ್ಲುವಂಥವು. ನಮ್ಮಲ್ಲಿ ಯಾರಿಗೂ ಇವು ಬಂದಿಲ್ಲ.

ದೂರದರ್ಶನದ ಶ್ರೇಣಿ ಇದೆಯೇ?

ಕಿರಿಯ ಶಿಕ್ಷಕಿಗೆ ಇದೆ. ದೂರದರ್ಶನ ಕಲಾವಿದರ ನೃತ್ಯವನ್ನು ಪರೀಕ್ಷಿಸಿ ಶ್ರೇಣಿ ಕೊಡುತ್ತದೆ. ವಿದೇಶಗಳಿಗೆ ಕಲಾವಿದರನ್ನು ಕಳುಹಿಸುವ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯೂ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಇವು ರಂಗದ ಮೇಲಿನ ಸಾಮರ್ಥ್ಯಕ್ಕೆ ಸಂಬಂಧಿಸಿದವು. ಚೆನ್ನಾಗಿ ಕುಣಿಯುವವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂದು ತಿಳಿಯಬೇಡಿ.

ನೃತ್ಯ ಕಲಿಸುವುದರಿಂದ ಜೀವನ ನಡೆಯುತ್ತದೆಯೇ?

ಐವರಲ್ಲಿ ಮೂವರಿಗೆ ಇದೇ ಜೀವನಾಧಾರ. ತಿಂಗಳ ಶುಲ್ಕವೊಂದನ್ನೇ ನಂಬಿದರೆ ಸಾಲದು. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಅಜ್ಜಿ ಮನೆಗೆ ಹೋಗುತ್ತಾರೆ, ಪರೀಕ್ಷೆ ಬಂದರೆ ಎಸ್ಸೆಸ್ಸೆಲ್ಸಿ ಮಕ್ಕಳು ನಿಲ್ಲುತ್ತಾರೆ. ಹಾಲ್‌ನ ಬಾಡಿಗೆ, ವಿದ್ಯುತ್ ಬಿಲ್ಲು ನಿಲ್ಲುವುದಿಲ್ಲ. ಆದ್ದರಿಂದ ಶಿಕ್ಷಕರು ನಾಲ್ಕಾರು ಕಡೆ ಕೈ ಹಾಕಿರುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಶಾಲೆಗಳ ವಾರ್ಷಿಕೋತ್ಸವದ ನೃತ್ಯ ಸಂಯೋಜನೆ ಮಾಡುತ್ತಾರೆ. ಮಾಸ್ಟರ್‌ಗೆ ಮದುವೆ ಹಂಗಾಮಿನಲ್ಲಿ ಮನೆಮಂದಿಗೆ ಕುಣಿತ ಕಲಿಸುವ ಕೆಲಸ. ದೊಡ್ಡ ಮೇಡಂ ಬೇರೆ ಗುರುಗಳ ಶಿಷ್ಯರ ರಂಗಪ್ರವೇಶಗಳಿಗೆ ನಟುವಾಂಗಕ್ಕೆ ಹೋಗುತ್ತಾರೆ. ಕಿರಿಯ ಶಿಕ್ಷಕಿ ವಿದೇಶದಲ್ಲಿರುವ ಕನ್ನಡದ ಮಕ್ಕಳಿಗೆ ಬೆಳಗಿನ ಜಾವ ಆನ್‌ಲೈನ್ ಪಾಠ ಮಾಡುತ್ತಾರೆ.

ಕೊರೊನಾ ಕಾಲದಲ್ಲಿ ತರಗತಿಗಳು ಮುಚ್ಚಿದಾಗ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿದ್ದದ್ದು ಇಂಥ ಬದುಕುಗಳಿಗೆ. ಜಾತ್ರೆಯಿಲ್ಲ, ಮದುವೆಯಲ್ಲಿ ಜನವಿಲ್ಲ, ವೇದಿಕೆಯಿಲ್ಲ. ಆಗ ಪಾಠ ಇಲ್ಲದಿದ್ದರೂ ತಿಂಗಳ ಶುಲ್ಕ ಕಳುಹಿಸಿದ ಪೋಷಕರಿದ್ದರು, ಅವರನ್ನು ಶಾಲೆ ಮರೆತಿಲ್ಲ. ತಿಂಗಳ ಹತ್ತರೊಳಗೆ ಶುಲ್ಕ ಕಟ್ಟಿ ಎಂದು ನಾನು ಪದೇ ಪದೇ ನೆನಪಿಸುವುದರ ಹಿಂದೆ ಈ ಲೆಕ್ಕವೆಲ್ಲ ಇದೆ. ಕಷ್ಟವಿದ್ದರೆ ನನ್ನ ಬಳಿ ಬಂದು ಹೇಳಿ. ಶುಲ್ಕ ಕಟ್ಟಲಾಗದ ಕಾರಣಕ್ಕೆ ದೊಡ್ಡ ಮೇಡಂ ಯಾವ ಮಗುವನ್ನೂ ತರಗತಿಯಿಂದ ಬಿಡಿಸಿಲ್ಲ, ಬಿಡಿಸುವುದೂ ಇಲ್ಲ.

ರಂಗಪ್ರವೇಶ ಮಾಡಿಸುವಂತೆ ಶಿಕ್ಷಕರು ಒತ್ತಾಯಿಸುತ್ತಾರೆಯೇ?

ಇಲ್ಲ. ಹಿಮ್ಮೇಳದ ಗೌರವಧನ, ಸಭಾಂಗಣ, ವಸ್ತ್ರ, ಆಭರಣ, ಊಟ ಎಲ್ಲ ಸೇರಿ ಖರ್ಚು ಸಣ್ಣ ಮದುವೆಯಷ್ಟಾಗುವುದನ್ನು ನೋಡಿದ್ದೇವೆ. ಮೊದಲ ಸಲ ಗೆಜ್ಜೆ ಕಟ್ಟುವ ಗೆಜ್ಜೆಪೂಜೆಯನ್ನು ಶಾಲೆಯಲ್ಲೇ ಸರಳವಾಗಿ ಮಾಡುತ್ತೇವೆ. ರಂಗಪ್ರವೇಶ ಮಗು ಸಿದ್ಧವಾದಾಗ, ಮನೆಯವರ ಕೈಲಾದಾಗ ಮಾತ್ರ. ಅದು ಆಗದಿದ್ದರೆ ವಿದ್ವತ್ ಪರೀಕ್ಷೆಗೆ ಯಾವ ಅಡ್ಡಿಯೂ ಇಲ್ಲ.

ವಯಸ್ಸಾದ ಶಿಕ್ಷಕರು ಕುಣಿದು ತೋರಿಸುವುದಿಲ್ಲ, ಮಗು ಹೇಗೆ ಕಲಿಯುತ್ತದೆ?

ದೊಡ್ಡ ಮೇಡಂ ಈಗ ಬಹುಪಾಲು ಕುಳಿತೇ ಪಾಠ ಮಾಡುತ್ತಾರೆ. ಹಿಂದೆ ಸಿಮೆಂಟು, ಕಡಪ ಕಲ್ಲಿನ ನೆಲಗಳ ಮೇಲೆ ಅರೆಮಂಡಿಯಲ್ಲಿ (ಮಂಡಿ ಅರ್ಧ ಬಾಗಿಸಿ) ನಿಂತು ದಶಕಗಳ ಕಾಲ ಹೆಜ್ಜೆ ತಟ್ಟಿದವರ ಮಂಡಿ, ಹಿಮ್ಮಡಿಗಳು ಸವೆಯುತ್ತವೆ. ಗಟ್ಟಿ ನೆಲ ಪೆಟ್ಟನ್ನು ಹೀರಿಕೊಳ್ಳದೆ ಕಾಲಿಗೇ ಹಿಂತಿರುಗಿಸುತ್ತದೆ. ಅದಕ್ಕಾಗಿಯೇ ನಮ್ಮ ಹಾಲ್‌ಗೆ ಮರದ ಹಲಗೆ ಹಾಕಿಸಿದೆವು. ನೀವು ಯಾವ ಶಾಲೆಗೆ ಸೇರಿಸಿದರೂ ಮೊದಲು ನೆಲವನ್ನು ನೋಡಿ.

ಕುಳಿತು ಕಲಿಸುವುದರಲ್ಲಿ ಕೊರತೆಯೇನೂ ಇಲ್ಲ. ಅಡವನ್ನು ಮಾಡಿ ತೋರಿಸಲು ಕಿರಿಯ ಶಿಕ್ಷಕಿ ಇದ್ದಾರೆ. ಅಭಿನಯಕ್ಕೆ ಮುಖ, ಕಣ್ಣು, ಕೈ ಸಾಕು. ವೆಂಕಟಲಕ್ಷಮ್ಮನವರು ಇಳಿವಯಸ್ಸಿನಲ್ಲೂ ಅಭಿನಯ ಮಾಡಿ ತೋರಿಸಿದವರು. ಜೊತೆಗೆ, ಕುಣಿಯುತ್ತ ಕಲಿಸುವ ಶಿಕ್ಷಕರಿಗೆ ಹಿಂದಿನ ಸಾಲಿನ ಮಗುವಿನ ಪಾದ ಕಾಣುವುದಿಲ್ಲ, ಕುಳಿತವರಿಗೆ ಎಲ್ಲರ ಪಾದವೂ ಕಾಣುತ್ತದೆ.

ಗಂಡಸರು ಕಲಿಸುವ ತರಗತಿಗೆ ಹೆಣ್ಣುಮಕ್ಕಳನ್ನು ಕಳುಹಿಸಬಹುದೇ?

ಈ ಪ್ರಶ್ನೆ ಕೇಳಿದ್ದಕ್ಕೆ ಯಾವ ಶಿಕ್ಷಕರೂ ನೊಂದುಕೊಳ್ಳುವುದಿಲ್ಲ. ಭಂಗಿ ತಿದ್ದುವಾಗ ಮಗುವನ್ನು ಮುಟ್ಟಬೇಕಾದರೆ ಮೊದಲು ಕೇಳಬೇಕು, ಸಾಧ್ಯವಾದಷ್ಟೂ ಕೋಲಿನಿಂದ ಅಥವಾ ಮಾತಿನಿಂದ ತೋರಿಸಬೇಕು ಎಂಬ ನಿಯಮ ಗಂಡಸರು, ಹೆಂಗಸರು ಎಲ್ಲ ಶಿಕ್ಷಕರಿಗೂ ಒಂದೇ. ತರಗತಿಯ ಬಾಗಿಲು ಮುಚ್ಚುವುದಿಲ್ಲ. ವಸ್ತ್ರ ಬದಲಿಸುವ ಕೋಣೆಗೆ ಶಿಕ್ಷಕರ ಪ್ರವೇಶವಿಲ್ಲ. ಹೊರ ಊರಿನ ಕಾರ್ಯಕ್ರಮಕ್ಕೆ ಹೋಗುವಾಗ ತಾಯಂದಿರಿಬ್ಬರು ಜೊತೆಗಿರುತ್ತಾರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಎಲ್ಲ ಶಿಕ್ಷಕರಿಗೂ ತಿಳಿಸಿ, ಪೊಲೀಸ್ ಪರಿಶೀಲನೆ ಮಾಡಿಸಿಯೇ ಕೆಲಸಕ್ಕೆ ತೆಗೆದುಕೊಂಡಿದ್ದೇವೆ.

ಗಂಡುಮಕ್ಕಳನ್ನು ಭರತನಾಟ್ಯಕ್ಕೆ ಸೇರಿಸಬಹುದೇ ಎಂದೂ ಕೇಳುತ್ತಾರೆ. ಖಂಡಿತ ಸೇರಿಸಿ. ಈ ಕಲೆಯನ್ನು ತಲೆಮಾರುಗಳ ಕಾಲ ಕಲಿಸಿದ ನಟುವನಾರರು (ನಟುವಾಂಗ ಮಾಡುವ ಗುರುಗಳು) ಗಂಡಸರೇ.

ಮಗಳು ಮುಂದೆ ನೃತ್ಯ ಶಿಕ್ಷಕಿಯಾಗಬೇಕೆನ್ನುತ್ತಾಳೆ. ದಾರಿ ಯಾವುದು?

ಹತ್ತರಿಂದ ಹದಿನಾಲ್ಕು ವರ್ಷದೊಳಗಿದ್ದರೆ ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಕೊಡುವ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ, ಅರ್ಜಿ ತುಂಬಲು ನಾನು ನೆರವಾಗುತ್ತೇನೆ. ಹದಿನೆ‌ಂಟರಿಂದ ಇಪ್ಪತ್ತೈದರ ನಡುವಿನವರಿಗೆ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ: ಎರಡು ವರ್ಷ, ತಿಂಗಳಿಗೆ 5,000 ರೂಪಾಯಿ. ನಮ್ಮ ಕಿರಿಯ ಶಿಕ್ಷಕಿ ಸ್ನಾತಕೋತ್ತರ ಓದಿನ ಕಾಲದಲ್ಲಿ ಇದನ್ನು ಪಡೆದಿದ್ದರು. ರಾಜ್ಯದ ಸಂಗೀತ ನೃತ್ಯ ಅಕಾಡೆಮಿಯೂ ಶಿಷ್ಯವೇತನ ಕೊಡುತ್ತದೆ.

ಪಿಯುಸಿ ನಂತರ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಪ್ರದರ್ಶಕ ಕಲೆಗಳ ಪದವಿಗೆ ಸೇರಬಹುದು, ಬೆಂಗಳೂರಿನ ವಿಶ್ವವಿದ್ಯಾನಿಲಯಗಳಲ್ಲಿಯೂ ನೃತ್ಯ ವಿಭಾಗಗಳಿವೆ. ಮನೆ ಬಿಟ್ಟು ದೂರ ಕಳುಹಿಸಲು ಸಿದ್ಧರಿದ್ದರೆ 1936ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರು ಕಟ್ಟಿದ ಚೆನ್ನೈನ ಕಲಾಕ್ಷೇತ್ರದಲ್ಲಿ ನಾಲ್ಕು ವರ್ಷದ ಡಿಪ್ಲೊಮಾ ಇದೆ. ಆದರೆ ದೊಡ್ಡ ಮೇಡಂ ಇವೆಲ್ಲಕ್ಕೂ ಮೊದಲು ಇನ್ನೊಂದು ಕೆಲಸ ಕೊಡುತ್ತಾರೆ. ಸೀನಿಯರ್ ಮುಗಿಸಿದ ಹುಡುಗಿಯರನ್ನು ಚಿಕ್ಕ ಮಕ್ಕಳ ತರಗತಿಯಲ್ಲಿ ಒಂದು ವರ್ಷ ಜೊತೆಗೆ ನಿಲ್ಲಿಸಿಕೊಳ್ಳುತ್ತಾರೆ. ಎಡ ಬಲ ತಿಳಿಯದ ಆರು ವರ್ಷದ ಮಗುವಿಗೆ ನೂರನೆಯ ಸಲ ನಾಟಡವು ಹೇಳಿಕೊಡುವಾಗ ಮುಖದಲ್ಲಿ ಸಿಡುಕು ಕಾಣಿಸದಿದ್ದರೆ ಆ ಹುಡುಗಿ ಶಿಕ್ಷಕಿಯಾಗುತ್ತಾಳೆ ಎಂಬುದು ಅವರ ಎಣಿಕೆ. ಈಗಿನ ಕಿರಿಯ ಶಿಕ್ಷಕಿಯನ್ನು ಅವರು ಗುರುತಿಸಿದ್ದೂ ಹೀಗೆಯೇ.

ಶಿಕ್ಷಕರು ಈಗಲೂ ಕಲಿಯುತ್ತಿದ್ದಾರೆಯೇ?

ಹೌದು. ಕಿರಿಯ ಶಿಕ್ಷಕಿ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಮೃದಂಗದ ವಿದ್ವಾಂಸರೊಬ್ಬರಲ್ಲಿ ತಾಳದ ಪಾಠ ಹೇಳಿಸಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಶಿಕ್ಷಕರೆಲ್ಲ ದೊಡ್ಡ ಮಕ್ಕಳನ್ನು ಕರೆದುಕೊಂಡು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗುತ್ತಾರೆ. ಅಲ್ಲಿನ ಕಲ್ಲೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ (ಕೆತ್ತನೆಯಿರುವ ಒಳಛಾವಣಿಯಲ್ಲಿ) ನೊಳಂಬರ ಕಾಲದ ನಾಟ್ಯ ಶಿವನಿದ್ದಾನೆ, ಸುತ್ತಲೂ ವಾದ್ಯ ನುಡಿಸುವವರು, ಅವರ ಸುತ್ತ ದಿಕ್ಪಾಲಕರು. ಕತ್ತೆತ್ತಿ ನೋಡುತ್ತ ಕೆಳಗೆ ನಿಂತು ಸೊಂಟದ ಬಾಗು, ಎತ್ತಿದ ಪಾದದ ಕೋನ ಎಲ್ಲವನ್ನೂ ಮಕ್ಕಳು ಮೈಯಲ್ಲಿ ಮಾಡಿ ನೋಡುತ್ತಾರೆ. ಜಾನಪದದ ಮೇಷ್ಟ್ರು ಅಲ್ಲಿಯೇ ನಾಲ್ಕು ಹೆಜ್ಜೆ ಹಾಕಿ, ಈ ಭಂಗಿಯಿಂದ ಮುಂದಿನ ಹೆಜ್ಜೆ ಎಲ್ಲಿಗೆ ಹೋಗಬಹುದು ಎಂದು ತೋರಿಸಿದರು, ಭರತನಾಟ್ಯದ ಶಿಕ್ಷಕಿಯರಿಬ್ಬರೂ ಅದನ್ನು ಅವರಿಂದ ಕಲಿತುಕೊಂಡರು.

ಸೇರಿಸುವ ಮೊದಲು ತರಗತಿಯನ್ನು ಕುಳಿತು ನೋಡಬಹುದೇ?

ನೋಡಲೇಬೇಕು. ಶಿಕ್ಷಕರು ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಾರೆಯೇ, ತಪ್ಪು ಮಾಡಿದ ಮಗುವಿನ ಬಳಿಗೆ ಹೋಗುತ್ತಾರೆಯೇ, ಚೆನ್ನಾಗಿ ಕುಣಿಯುವವರನ್ನು ಮಾತ್ರ ಮುಂದಿನ ಸಾಲಿನಲ್ಲಿ ಇಟ್ಟಿದ್ದಾರೆಯೇ, ಇವನ್ನು ಗಮನಿಸಿ. ಬುಧವಾರ ಮತ್ತು ಶನಿವಾರ ಸಂಜೆಯ ತರಗತಿಗಳು ಇದಕ್ಕೆ ಅನುಕೂಲ. ಮಗುವನ್ನೂ ಕರೆತನ್ನಿ, ಮೊಬೈಲ್‌ನಲ್ಲಿ ಚಿತ್ರೀಕರಣ ಮಾಡಬೇಡಿ. ತರಗತಿ ಮುಗಿದ ಮೇಲೆ ಶಿಕ್ಷಕರು ಅರ್ಧ ಗಂಟೆ ಅಲ್ಲೇ ಇರುತ್ತಾರೆ. ಇಲ್ಲಿ ಬಿಟ್ಟುಹೋದ ಪ್ರಶ್ನೆಗಳನ್ನು ಅವರಲ್ಲೇ ನೇರವಾಗಿ ಕೇಳಿ.